ಮೊಲಕ್ಕೆ ಮರಿ ಮಾಡಿಸಬೇಕಾ, ಬೇಡವಾ? ಕಲಬುರಗಿ, ಬೀದರ್, ಯಾದಗಿರಿ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮೊಲ ಸಾಕಿದವರ ಪ್ರಶ್ನೆ ಯಾವಾಗಲೂ ತಡವಾಗಿ ಬರುತ್ತದೆ. ಗಂಡು ಹೆಣ್ಣು ಜೊತೆಗೆ ಬಿಟ್ಟಾಗಿದೆ. ಹೆಣ್ಣು ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಮಂಚದ ಕೆಳಗೆ ನುಗ್ಗುತ್ತಿದೆ. ಹೊರಗೆ ಏಪ್ರಿಲ್ ಬಿಸಿಲು. ಆಗ ಕೇಳುತ್ತಾರೆ, "ಈಗೇನ್ ಮಾಡ್ಬೇಕ್ರಿ?" ಆ ಹೊತ್ತಿಗೆ ಮಾಡಲು ಉಳಿದಿರುವುದು ಬಹಳ ಕಡಿಮೆ.

ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಮೊದಲು ಕ್ರಾಸ್ ಮಾಡಿಸುತ್ತಾರೆ, ಆಮೇಲೆ ಗೂಡು ಹುಡುಕುತ್ತಾರೆ, ಆಮೇಲೆ ಡಾಕ್ಟರು, ಕೊನೆಗೆ ಮರಿ ಯಾರಿಗೆ ಕೊಡೋದು ಅನ್ನುವ ಚಿಂತೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳು ಆ ತಿರುಗಿಸಿದ ಕ್ರಮದಲ್ಲೇ ಇವೆ. ಮೊದಲ ಐದರಲ್ಲಿ ಯಾವುದಾದರೂ ಒಂದರ ಉತ್ತರ "ಇಲ್ಲ" ಅಂತ ಬಂದರೆ ಅಲ್ಲೇ ನಿಲ್ಲಿಸಿ, ನೇರ ಕೊನೆಯ ಹಂತಕ್ಕೆ ಹೋಗಿ. ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ, ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. "ಹೆಣ್ಣಿಗೆ ಒಂದು ಸಲವಾದರೂ ಮರಿ ಆಗಬೇಕು, ಇಲ್ಲದಿದ್ದರೆ ಆರೋಗ್ಯ ಕೆಡುತ್ತೆ" ಅನ್ನುವುದು ಸುಳ್ಳು. ಮರಿ ಹಾಕದೇ ಇದ್ದರೆ ಮೊಲಕ್ಕೆ ಯಾವ ನಷ್ಟವೂ ಇಲ್ಲ.

## ಹಂತ 1: ಗಂಡು ಯಾವುದು, ಹೆಣ್ಣು ಯಾವುದು ಖಚಿತ ಮಾಡಿ, ಇವತ್ತೇ ಬೇರೆ ಮಾಡಿ

ಸಂತೆಯಲ್ಲೋ ರಸ್ತೆ ಬದಿಯ ಬುಟ್ಟಿಯಲ್ಲೋ "ಎರಡೂ ಹೆಣ್ಣೇ ರೀ" ಅಂತ ಹೇಳಿ ಕೊಟ್ಟ ಜೋಡಿಯನ್ನು ನಂಬಬೇಡಿ. ಮಾರುವಾಗ ಅವು ಇನ್ನೂ ಎಳೆ ಮರಿಗಳು. ಆ ವಯಸ್ಸಿನಲ್ಲಿ ನೋಡಿದರೆ ತಿಳಿದವರಿಗೂ ತಪ್ಪುತ್ತದೆ. 8 ವಾರ ದಾಟಿದ ಮೇಲೆ ನೋಡಿ.

ಇದಕ್ಕೆ ಇಬ್ಬರು ಬೇಕು. ಒಬ್ಬರು ನೆಲದ ಮೇಲೆ ಕೂತು ಮೊಲದ ಬೆನ್ನು ತಮ್ಮ ಹೊಟ್ಟೆಗೆ ಒರಗುವಂತೆ ಹಿಡಿಯಲಿ, ಒಂದು ಕೈ ಹಿಂಗಾಲಿನ ಕೆಳಗೆ ಇರಲಿ. ಹಿಂಗಾಲು ಗಾಳಿಯಲ್ಲಿ ಜೋತಾಡಿದರೆ ಮೊಲ ಜೋರಾಗಿ ಒದ್ದುಕೊಂಡು ತನ್ನ ಬೆನ್ನುಮೂಳೆ ತಾನೇ ಮುರಿದುಕೊಳ್ಳಬಹುದು. ಇನ್ನೊಬ್ಬರು ಬಾಲದ ಬುಡದ ಮುಂದಿರುವ ರಂಧ್ರದ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ಗಂಡಾದರೆ ಬಾಯಿ ದುಂಡಗಿದ್ದು ಒಳಗಿನಿಂದ ಸಣ್ಣ ಕೊಳವೆಯಂಥದ್ದು ಹೊರಬರುತ್ತದೆ. ಹೆಣ್ಣಾದರೆ ಉದ್ದನೆಯ ಸೀಳು ಕಾಣುತ್ತದೆ. ಗಂಡಿನ ಬೀಜ 10ರಿಂದ 14 ವಾರದ ಹೊತ್ತಿಗೆ ಕೆಳಗಿಳಿಯುತ್ತದೆ. ಆದರೆ ಹೆದರಿದಾಗ ಅದನ್ನು ಒಳಗೆ ಎಳೆದುಕೊಳ್ಳಬಲ್ಲದು. ಬೀಜ ಕಾಣಲಿಲ್ಲ ಅಂದ ಮಾತ್ರಕ್ಕೆ ಹೆಣ್ಣು ಅಂತ ತೀರ್ಮಾನಿಸಬೇಡಿ.

ಸಣ್ಣ ಜಾತಿಯ ಹೆಣ್ಣು ನಾಲ್ಕು ತಿಂಗಳಿಗೇ ಗಬ್ಬ ಆಗಬಲ್ಲದು. ಹೆಣ್ಣು ಮೊಲಕ್ಕೆ ದನದ ಹಾಗೆ ನಿಗದಿತ ಬೆದೆ ದಿನಗಳಿಲ್ಲ. ಗಂಡು ಏರಿದ 10ರಿಂದ 13 ಗಂಟೆಯಲ್ಲಿ ಅಂಡ ಬಿಡುತ್ತದೆ. "ಒಂದೇ ನಿಮಿಷ ಬಿಟ್ಟಿದ್ವಿ" ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ, ಆ ಒಂದು ನಿಮಿಷ ಸಾಕು. ಮೂರು ತಿಂಗಳೊಳಗೆ ಬೇರೆ ಬೇರೆ ಪಂಜರ ಆಗಲೇಬೇಕು.

ಇದೇ ಹಂತದಲ್ಲಿ ಇನ್ನೊಂದು ಮಾತು. ತೊಗರಿ ಕೊಯ್ಲಿನಲ್ಲಿ, ಜೋಳದ ಹೊಲದಲ್ಲಿ ಸಿಕ್ಕ ಕಂದು ಮರಿಯನ್ನು ಮನೆಗೆ ತಂದು "ಇದಕ್ಕೆ ಜೋಡಿ ಬೇಕು" ಅನ್ನುವವರಿದ್ದಾರೆ. ಅದು ಕಾಡುಮೊಲ, ಸಾಕುಮೊಲಕ್ಕಿಂತ ಬೇರೆಯೇ ಪ್ರಾಣಿ. ಅದರ ಮರಿ ಹುಟ್ಟುವಾಗಲೇ ಮೈ ತುಂಬ ಕೂದಲು, ತೆರೆದ ಕಣ್ಣು ಇರುತ್ತದೆ. ಸಾಕುಮೊಲದ ಜೊತೆ ಅದಕ್ಕೆ ಸಂತಾನ ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಹೊಲದಲ್ಲಿ ಒಂಟಿಯಾಗಿ ಕಂಡರೆ ತಾಯಿ ಬಿಟ್ಟುಹೋಗಿದೆ ಅಂತಲ್ಲ, ರಾತ್ರಿ ಬಂದು ಹಾಲು ಕೊಡುತ್ತದೆ. ಅಲ್ಲೇ ಬಿಡಿ.

## ಹಂತ 2: ಹುಟ್ಟದ ಮರಿಗೆ ಮೊದಲು ಮನೆ ಹುಡುಕಿ

ಒಂದು ಸಲಕ್ಕೆ ನಾಲ್ಕರಿಂದ ಎಂಟು ಮರಿ ಸಾಮಾನ್ಯ. ದೊಡ್ಡ ಜಾತಿಯಲ್ಲಿ ಹತ್ತು ಹನ್ನೆರಡೂ ಆಗುವುದುಂಟು. ಎಂಟಕ್ಕೆ ಲೆಕ್ಕ ಹಾಕಿ.

"ಮರಿ ಹುಟ್ಟಿದ್ರ ನಮಗೊಂದು ಕೊಡ್ರಿ" ಅಂತ ಓಣಿಯವರೆಲ್ಲ ಹೇಳುತ್ತಾರೆ. ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೇಳಿದ್ದು ಆ ಮನೆಯ ಹುಡುಗ, ದಿನಾ ಹಿಕ್ಕೆ ಗುಡಿಸಬೇಕಾದವರು ಅವನ ಅವ್ವ. ಒಂದು ಚೀಟಿ ತೆಗೆದುಕೊಂಡು ಹೆಸರು ಬರೆಯಿರಿ. ಹೆಸರು ಬರೆಯುವ ಮುನ್ನ ಆ ಮನೆಗೆ ಹೋಗಿ, ದೊಡ್ಡವರನ್ನೇ ಕೇಳಿ: ಮೊಲ ಎಂಟು ಹತ್ತು ವರ್ಷ ಬದುಕುತ್ತದೆ, ಗೊತ್ತಾ? ಮೇ ತಿಂಗಳಲ್ಲಿ ಎಲ್ಲಿ ಇಡುತ್ತೀರಿ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮನೆಯಲ್ಲಿ ನಾಯಿ ಬೆಕ್ಕು ಇದೆಯಾ? ಈಗಾಗಲೇ ಒಂದು ಮೊಲ ಇದ್ದರೆ ಅದು ಗಂಡೋ ಹೆಣ್ಣೋ?

ತಗಡಿನ ಮನೆಯಾಗಿದ್ದು ಕೂಲರ್ ಇಲ್ಲದಿದ್ದರೆ, "ಮಹಡಿ ಮೇಲೆ ಪಂಜರ ಇಡ್ತೀವಿ" ಅಂದರೆ, ಆ ಹೆಸರು ಬರೆಯಬೇಡಿ. ಮುಖ ಮುರಿದ ಹಾಗಾಗುತ್ತದೆ, ನಿಜ. ಆದರೆ ಬಿಸಿಲಲ್ಲಿ ಮರಿ ಸತ್ತಿತು ಅನ್ನುವ ಫೋನ್‌ಗಿಂತ ಅದು ಎಷ್ಟೋ ವಾಸಿ.

ಚೀಟಿಯಲ್ಲಿ ಕನಿಷ್ಠ ಆರು ಗಟ್ಟಿ ಹೆಸರು ಇರಬೇಕು, ಉಳಿದ ಮರಿಗಳನ್ನು ಸಾಯುವ ತನಕ ಸಾಕುವ ಜಾಗ ನಿಮ್ಮ ಮನೆಯಲ್ಲೇ ಇರಬೇಕು. ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ. "ಅಂಗಡಿಯವರು ತಗೋತಾರೆ" ಅನ್ನುವುದನ್ನು ನಾನು ಮನೆ ಅಂತ ಎಣಿಸುವುದಿಲ್ಲ, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಮರಿ ಮಾಡಿಸಿ ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವ ಯೋಚನೆ ಇದ್ದರೆ, 2018ರಲ್ಲಿ ಕೇಂದ್ರ ಸರ್ಕಾರ ತಂದ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಮೊಲದ ಹೆಸರೂ ಇದೆ. ಅಂಥ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು.

## ಹಂತ 3: ಡಾಕ್ಟರನ್ನು ಈಗಲೇ ಗೊತ್ತು ಮಾಡಿಕೊಳ್ಳಿ

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬರುವುದು ಎಮ್ಮೆ, ದನ, ಕುರಿ, ಆಡು. ಮೊಲ ನೋಡಿದ ಅನುಭವ ಎಲ್ಲರಿಗೂ ಇರುವುದಿಲ್ಲ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಅದರ ಕಾಲೇಜು ಇವೆ. ಈ ಭಾಗದವರಿಗೆ ಅದು ದೊಡ್ಡ ಅನುಕೂಲ. ಆದರೆ ಕಲಬುರಗಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗಿಂತ ಜಾಸ್ತಿ, ಯಾದಗಿರಿಯಿಂದ ಇನ್ನೂ ದೂರ. ರಾತ್ರಿ ಎರಡಕ್ಕೆ ಹೆರಿಗೆ ಕಟ್ಟಿಕೊಂಡ ಮೊಲವನ್ನು ಎತ್ತಿಕೊಂಡು ಅಷ್ಟು ದೂರ ಹೋಗಲಾಗುವುದಿಲ್ಲ. ಹತ್ತಿರದಲ್ಲಿ ಒಬ್ಬರು ಬೇಕೇ ಬೇಕು.

ಡಾಕ್ಟರಿಗೆ ಮೊಲದ ಅನುಭವ ಇದೆಯೋ ಇಲ್ಲವೋ ತಿಳಿಯಲು ಎರಡು ಪ್ರಶ್ನೆ ಸಾಕು. "ಆಪರೇಷನ್ ಮುಂಚೆ ಮೊಲವನ್ನು ಉಪವಾಸ ಇಡಬೇಕಾ ಸರ್?" ಬೇಡ ಅನ್ನುವುದು ಸರಿ ಉತ್ತರ. ಮೊಲಕ್ಕೆ ವಾಂತಿ ಬರುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಂತುಹೋಗುತ್ತದೆ. ಎರಡನೆಯದು, "ಸೋಂಕಾದರೆ ಬಾಯಿಗೆ ಅಮಾಕ್ಸಿಸಿಲಿನ್ ಹಾಕಬಹುದಾ?" ಹಾಕಬಾರದು. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಂದ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು. ಹಾಗೇ, ನಾಯಿಯ ಉಣ್ಣೆಗೆ ಬೆನ್ನಿಗೆ ಹಾಕುವ ಫಿಪ್ರೋನಿಲ್ ಮೊಲಕ್ಕೆ ವಿಷ. ಇದನ್ನು ಮನೆಯವರೂ ನೆನಪಿಟ್ಟುಕೊಳ್ಳಿ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಹಾಕುವವರೇ ಜಾಸ್ತಿ.

ಸಿಸೇರಿಯನ್ ಮಾಡುತ್ತಾರಾ, ಖರ್ಚು ಎಷ್ಟು ಅಂತಲೂ ಕೇಳಿ. ಆ ದುಡ್ಡನ್ನು ಬೇರೆ ಎತ್ತಿಡಿ. ಎತ್ತಿಡಲು ಆಗದಿದ್ದರೆ ಮರಿ ಮಾಡಿಸುವುದೂ ಬೇಡ.

## ಹಂತ 4: ಈ ಜೋಡಿಗೆ ಮರಿ ಆಗಬೇಕಾ?

ಸಂಬಂಧ. ಒಂದೇ ಬುಟ್ಟಿಯಿಂದ ತಂದ ಜೋಡಿ ಅಣ್ಣ ತಂಗಿ ಆಗಿರುವ ಸಾಧ್ಯತೆ ಜಾಸ್ತಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಜೋಡಿ ಮಾಡಬೇಡಿ.

ಹಲ್ಲು. ತುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಮೇಲಿನ ಮುಂದಿನ ಹಲ್ಲು ಕೆಳಗಿನದರ ಸ್ವಲ್ಪ ಮುಂದೆ ಬಂದು ಮುಚ್ಚಿಕೊಳ್ಳಬೇಕು. ತುದಿಗೆ ತುದಿ ತಾಗಿದರೆ, ಕೆಳಗಿನದು ಮುಂದೆ ಬಂದಿದ್ದರೆ, ಅಲ್ಲಿಗೆ ಮುಗಿಯಿತು. ಮೊಲದ ಹಲ್ಲು ಜೀವನ ಪೂರ್ತಿ ಬೆಳೆಯುತ್ತದೆ. ಸವೆಯದ ಹಲ್ಲು ಸುರುಳಿ ಸುತ್ತಿ ತುಟಿಗೆ ಚುಚ್ಚುತ್ತದೆ. ಈ ದೋಷ ಮರಿಗೂ ಬರುತ್ತದೆ.

ಮೂಗು ಮತ್ತು ಮುಂಗಾಲು. ಮೂಗು ಒಣಗಿದೆ ಅಂತ ಸುಮ್ನೆ ಬಿಡಬೇಡಿ, ಮುಂಗಾಲಿನ ಒಳಬದಿಯ ಕೂದಲು ನೋಡಿ. ಅಲ್ಲಿ ಗಂಟುಗಂಟಾಗಿ ಅಂಟಿಕೊಂಡಿದ್ದರೆ ಮೊಲ ದಿನವಿಡೀ ಮೂಗು ಒರೆಸಿಕೊಳ್ಳುತ್ತಿದೆ ಅಂತ ಅರ್ಥ. ನೆಗಡಿ ರೋಗ ಒಳಗಿದೆ, ತಾಯಿಯಿಂದ ಮರಿಗೆ ಅಂಟುತ್ತದೆ.

ಕಿವಿ, ಪಾದ. ಕಿವಿಯೊಳಗೆ ಕಂದು ಪದರ ಪದರ ಹೊಪ್ಪಳೆ ಇದ್ದರೆ ಹುಳು. ಹಿಮ್ಮಡಿಯಲ್ಲಿ ಕೂದಲು ಉದುರಿ ಕೆಂಪಾಗಿದ್ದರೆ ತಂತಿ ನೆಲದ ಹುಣ್ಣು. ಮೊದಲು ಗುಣ ಮಾಡಿಸಿ.

ತೂಕ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಬೆರಳಿಗೆ ತಾಕಬೇಕು, ಆದರೆ ಚುಚ್ಚಬಾರದು. ಬೊಜ್ಜು ಬಂದ ಹೆಣ್ಣು ಗಬ್ಬದ ಕೊನೆಯಲ್ಲಿ ತಿನ್ನುವುದು ಬಿಟ್ಟು, ರಕ್ತದಲ್ಲಿ ವಿಷ ಏರಿ, ಒಂದೆರಡು ದಿನದಲ್ಲಿ ಸಾಯಬಹುದು. ಚಪಾತಿ, ಬಿಸ್ಕತ್ತು, ಬಾಳೆಹಣ್ಣು ತಿಂದು ಗುಂಡಗಾದ ಮನೆಯ ಮುದ್ದು ಮೊಲಗಳಿಗೇ ಈ ಅಪಾಯ ಹೆಚ್ಚು.

ವಯಸ್ಸು. ಸಣ್ಣ ಜಾತಿಗೆ 5–6 ತಿಂಗಳು, ಮಧ್ಯಮಕ್ಕೆ 6–7, ದೊಡ್ಡ ಜಾತಿಗೆ 8–9 ತುಂಬಿರಬೇಕು. ಮೂರು ವರ್ಷ ದಾಟಿದ ಹೆಣ್ಣಿಗೆ ಮೊದಲ ಸಲ ಮರಿ ಮಾಡಿಸುವ ಸಾಹಸ ಬೇಡ.

ಜಾತಿ. ಎರಡೂ ಕುಬ್ಜ ಜಾತಿಯಾದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಎರಡೂ ಕಡೆಯಿಂದ ಕುಬ್ಜ ಗುಣ ಪಡೆದು ಹುಟ್ಟುತ್ತದೆ. ಅಂಥ ಮರಿ ಉಳಿಯುವುದಿಲ್ಲ. ಮೂಗಿನ ಮೇಲೆ ಚಿಟ್ಟೆಯಂಥ ಕಪ್ಪು ಗುರುತು, ಬೆನ್ನ ಮೇಲೆ ಪಟ್ಟೆ ಇರುವ ಎರಡು ಮೊಲಗಳನ್ನು ಜೋಡಿ ಮಾಡಿದರೆ ಕಾಲು ಭಾಗ ಮರಿಗಳು ಬಹುಪಾಲು ಬಿಳಿಯಾಗಿ ಹುಟ್ಟುತ್ತವೆ. ನೋಡಲು ಚಂದ, ಆದರೆ ಅವುಗಳಿಗೆ ದೊಡ್ಡಕರುಳಿನ ತೊಂದರೆ ಬರುವ ಸಾಧ್ಯತೆ ಹೆಚ್ಚು. ತೀರಾ ದೊಡ್ಡ ಗಂಡನ್ನು ಪುಟ್ಟ ಹೆಣ್ಣಿಗೆ ಬಿಡಬೇಡಿ, ಮರಿ ಹೊರಬರದೆ ಸಿಕ್ಕಿಕೊಳ್ಳಬಹುದು.

ಕಚ್ಚುವ, ಗುದ್ದುವ ಸ್ವಭಾವದ ಹೆಣ್ಣನ್ನೂ ನಾನು ಈ ಪಟ್ಟಿಯಿಂದ ತೆಗೆಯುತ್ತೇನೆ. ಮರಿ ಪರೀಕ್ಷಿಸಲು ಗೂಡಿಗೆ ಕೈ ಹಾಕಲೇಬೇಕಾಗುತ್ತದೆ.

## ಹಂತ 5: ತಿಂಗಳು ನೋಡಿ

ಬೇರೆ ಊರಿನ ಪುಸ್ತಕ, ವಿಡಿಯೊ ನೋಡಿ ಕೆಲಸ ಶುರು ಮಾಡಿದವರು ಸೋಲುವುದು ಇಲ್ಲಿ. ಮೊಲಕ್ಕೆ ಹಿತವಾದದ್ದು 15ರಿಂದ 25 ಡಿಗ್ರಿ. 30 ದಾಟಿದರೆ ಕಷ್ಟ ಶುರು. ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಗಬ್ಬದ ಹೆಣ್ಣಿಗೆ ಅದನ್ನು ತಡೆಯುವ ಶಕ್ತಿ ಇನ್ನೂ ಕಡಿಮೆ. ಗೂಡಿನೊಳಗೆ ಕೂದಲು ಹೊದ್ದ ಮರಿಗಳು ಹಾಗೇ ಬೆಂದುಹೋಗುತ್ತವೆ.

ಗಂಡಿನ ಕಡೆಯೂ ಒಂದು ಲೆಕ್ಕ ಇದೆ. ಸತತ ಬಿಸಿಲಿಗೆ ಸಿಕ್ಕ ಗಂಡಿನ ವೀರ್ಯ ಕೆಡುತ್ತದೆ, ಸರಿಹೋಗಲು ಎರಡು ತಿಂಗಳಾದರೂ ಬೇಕು. ಜೂನ್–ಜುಲೈನಲ್ಲಿ ಬಿಟ್ಟು "ಗಬ್ಬ ನಿಲ್ತಾನೇ ಇಲ್ಲ" ಅಂತ ಮತ್ತೆ ಮತ್ತೆ ಬಿಡುವವರು ಹೆಣ್ಣಿಗೆ ಸುಮ್ನೆ ಹಿಂಸೆ ಕೊಡುತ್ತಿರುತ್ತಾರೆ. ಹೀಗೆ ಏರಿ ಗಬ್ಬ ನಿಲ್ಲದ ಹೆಣ್ಣು ಸುಳ್ಳು ಗಬ್ಬಕ್ಕೂ ಹೋಗಬಹುದು. 16–18 ದಿನಕ್ಕೆ ಕೂದಲು ಕಿತ್ತು ಗೂಡು ಕಟ್ಟುತ್ತದೆ, ಮರಿ ಮಾತ್ರ ಇರುವುದಿಲ್ಲ.

ಹಾಗಾದರೆ ಯಾವಾಗ? ದಸರಾ ಮುಗಿದ ಮೇಲಿನಿಂದ ನವೆಂಬರ್ ಕೊನೆಯವರೆಗೆ. ಅಷ್ಟೇ. ನವೆಂಬರ್ ಕೊನೆಗೆ ಬಿಟ್ಟರೂ ಎಳ್ಳಮಾವಾಸ್ಯೆಯ ಆಸುಪಾಸಿಗೆ ಮರಿ ಹುಟ್ಟುತ್ತವೆ, ಫೆಬ್ರುವರಿ ಕೊನೆಗೆ ಎಂಟು ವಾರ ತುಂಬುತ್ತದೆ. ಬಿಸಿಲು ಏರುವ ಮುನ್ನ ಹೊಸ ಮನೆಗೆ ಹೊಂದಿಕೊಳ್ಳುತ್ತವೆ. ಡಿಸೆಂಬರ್ ಕೊನೆಗೆ ಬಿಟ್ಟರೆ ಅದೇ ಮರಿಗಳು ಮಾರ್ಚ್ ಕೊನೆಯ ಬಿಸಿಲಲ್ಲಿ ಮನೆ ಬದಲಿಸಬೇಕು. ಈ ವರ್ಷ ತಪ್ಪಿತಾ? ಮುಂದಿನ ದಸರಾಕ್ಕೆ ಕಾಯಿರಿ.

ಬೀದರ್ ಸ್ವಲ್ಪ ಎತ್ತರದಲ್ಲಿದೆ, ತಂಪು ಜಾಸ್ತಿ. ಆದರೆ ಅಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಬರಿಮೈಯ ಮರಿಗಳಿಗೆ ಅದೂ ಅಪಾಯವೇ. ಪಂಜರವನ್ನು ಒಳಮನೆಗೆ ತನ್ನಿ.

## ಹಂತ 6: ಸಾಮಾನು ಮತ್ತು ಮೇವು

ಎರಡು ಪ್ರತ್ಯೇಕ ಪಂಜರ, ಒಂದು ಗೂಡಿನ ಪೆಟ್ಟಿಗೆ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಗೋಡೆಗೊಂದು ಕ್ಯಾಲೆಂಡರ್, ಇಷ್ಟು ಸಾಕು. ಗೂಡಿಗೆ ಹಣ್ಣಿನ ಅಂಗಡಿಯ ಮರದ ಡಬ್ಬಿ ಆಗುತ್ತದೆ: ಸುಮಾರು 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಮುಂದೆ 15 ಸೆಂಟಿಮೀಟರ್ ಹೊಸ್ತಿಲು ಬಿಟ್ಟು ಕತ್ತರಿಸಿ. ಮೊಳೆ ತುದಿ ಒಳಗೆ ಚಾಚಿಕೊಂಡಿಲ್ಲ ಅಂತ ಕೈಯಿಂದ ತಡವಿ ನೋಡಿ. ತಗಡಿನ ಡಬ್ಬಿ, ಪ್ಲಾಸ್ಟಿಕ್ ಟಬ್ ಬೇಡ, ಒಳಗೆ ಬೆವರುತ್ತದೆ.

ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲಿ ಮೊಲಕ್ಕೆ ವರ. ಹೊಟ್ಟೆ ಚೆಲ್ಲಿ ಮಲಗುತ್ತದೆ. ಮರಿಗಳಿಗೆ ಅದೇ ನೆಲ ಶತ್ರು. ಕಣ್ಣು ಬಿಟ್ಟು ನಡೆಯಲು ಕಲಿಯುವಾಗ ನುಣುಪು ಕಲ್ಲಿನ ಮೇಲೆ ಕಾಲು ಜಾರಿ ಜಾರಿ, ಹಿಂಗಾಲು ಎರಡೂ ಬದಿಗೆ ಹರಡಿ ಹಾಗೇ ನಿಂತುಬಿಡಬಹುದು. ಗೋಣಿ ತಟ್ಟು ಹಾಸಿ, ಗೂಡಿನ ತಳಕ್ಕೂ ಒಂದು ತುಂಡು ಹಾಕಿ.

ಕೆಂಪಿರುವೆಯನ್ನು ಯಾರೂ ಎಣಿಸಿರುವುದಿಲ್ಲ. ಹೆರಿಗೆಯ ರಕ್ತದ ವಾಸನೆಗೆ ಸಾಲು ಹಚ್ಚಿ ಬರುತ್ತವೆ, ಒಂದು ರಾತ್ರಿಯಲ್ಲಿ ಗೂಡು ಮುಗಿಸುತ್ತವೆ. ಪಂಜರವನ್ನು ನಾಲ್ಕು ಕಾಲಿನ ಸ್ಟ್ಯಾಂಡ್ ಮೇಲಿಟ್ಟು ಪ್ರತಿ ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಪಂಜರ ಗೋಡೆಗೆ ತಾಗಬಾರದು, ತಾಗಿದರೆ ಬಟ್ಟಲು ಇಟ್ಟೂ ಪ್ರಯೋಜನ ಇಲ್ಲ. ಇಲಿ, ಬೆಕ್ಕು ನುಗ್ಗದಂಥ ಸಣ್ಣ ಕಣ್ಣಿನ ಜಾಲರಿ ಇರಲಿ.

ಮೇವಿನಲ್ಲಿ ಬಹುಪಾಲು ಒಣಹುಲ್ಲು. ಒಣಗಿಸಿದ ಕರಕಿ ಚೆನ್ನಾಗಿ ಆಗುತ್ತದೆ. ಜೋಳದ ಕಣಕಿ ಒಂದನ್ನೇ ನಂಬಬೇಡಿ, ಒರಟು, ಸತ್ವ ಕಡಿಮೆ. ಎಳೆ ಜೋಳದ ಹಸಿ ಮೇವು ಹಾಕಲೇಬೇಡಿ, ಅದರಲ್ಲಿನ ವಿಷ ದನಕ್ಕೇ ಆಗಿಬರುವುದಿಲ್ಲ. ಗಬ್ಬದ, ಹಾಲೂಡುವ ಹೆಣ್ಣಿಗೆ ಕುದುರೆ ಮಸಾಲೆ ಸೊಪ್ಪು ಒಳ್ಳೆಯದು. ಗಂಡಿಗೆ ಬೇಡ. ಇನ್ನೊಂದು ಎಚ್ಚರಿಕೆ, ನಮ್ಮ ಕಡೆಯವರಿಗೇ ಹೇಳಬೇಕಾದದ್ದು: ಮರಿ ಮಾಡಿಸುವ ತಿಂಗಳುಗಳಲ್ಲೇ ತೊಗರಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ, ಕಾಯಿಕೊರಕಕ್ಕೆ ಔಷಧಿ ಹೊಡೆಯುವುದೂ ಆಗಲೇ. ಆ ಹೊಲದ ಸೊಪ್ಪು, ಬದುವಿನ ಹುಲ್ಲು ತರಬೇಡಿ.

## ಹಂತ 7: ಜೊತೆ ಬಿಡುವುದು

ಇದು ಎಲ್ಲಕ್ಕಿಂತ ಸಣ್ಣ ಕೆಲಸ. ಹೆಣ್ಣನ್ನು ಗಂಡಿನ ಪಂಜರಕ್ಕೆ ಒಯ್ಯಿರಿ. ಗಂಡನ್ನು ಹೆಣ್ಣಿನ ಜಾಗಕ್ಕೆ ಬಿಟ್ಟರೆ ಅದು ಕಚ್ಚಿ ಓಡಿಸುತ್ತದೆ. ಎದುರಿಗೇ ಕೂತು ನೋಡಿ. ಗಂಡು ಏರಿ, ಒಮ್ಮೆ ಗುಟುರು ಹಾಕಿ ಪಕ್ಕಕ್ಕೆ ಉರುಳಿ ಬಿದ್ದರೆ ಕೆಲಸ ಆಯಿತು. ಹೆಣ್ಣನ್ನು ವಾಪಸ್ ತನ್ನಿ, ಕ್ಯಾಲೆಂಡರ್ ಮೇಲೆ ದಿನಾಂಕ ಬರೆಯಿರಿ. ಹತ್ತು ಹದಿನೈದು ನಿಮಿಷವಾದರೂ ಹೆಣ್ಣು ಒಪ್ಪದಿದ್ದರೆ ಬಿಟ್ಟುಬಿಡಿ, ಎರಡು ದಿನ ಬಿಟ್ಟು ನೋಡಿ. ಹಿಡಿದುಕೊಂಡು ಏರಿಸಬಾರದು. ರಾತ್ರಿಯಿಡೀ ಜೊತೆಗೆ ಬಿಡಲೂಬಾರದು. ಯಾವ ದಿನ ಗಬ್ಬ ಆಯಿತು ಅಂತ ಗೊತ್ತಿಲ್ಲದಿದ್ದರೆ ಮುಂದಿನ ಹಂತ ಮಾಡಲಿಕ್ಕೇ ಆಗುವುದಿಲ್ಲ.

## ಹಂತ 8: ಮೂವತ್ತೊಂದು ದಿನ

ಗಬ್ಬದ ಅವಧಿ ಸುಮಾರು 31 ದಿನ. 10ರಿಂದ 14ನೇ ದಿನದ ನಡುವೆ ಡಾಕ್ಟರು ಹೊಟ್ಟೆ ಮುಟ್ಟಿ ಹೇಳಬಲ್ಲರು, ದ್ರಾಕ್ಷಿಯಂಥ ಗುಂಡುಗಳು ಬೆರಳಿಗೆ ಸಿಗುತ್ತವೆ. ನೀವು ಒತ್ತಿ ನೋಡಬೇಡಿ. ಮೇವನ್ನು ಒಮ್ಮೆಲೇ ಏರಿಸಬೇಡಿ. ಕೊನೆಯ ಹತ್ತು ದಿನ ನಿಧಾನಕ್ಕೆ ಹೆಚ್ಚಿಸಿ. ನೀರು ಯಾವಾಗಲೂ ಇರಲಿ.

28ನೇ ದಿನ ಗೂಡಿನ ಪೆಟ್ಟಿಗೆ ಇಡಿ. ತುಂಬ ಮೊದಲೇ ಇಟ್ಟರೆ ಅದನ್ನೇ ಹೇಲಿನ ಜಾಗ ಮಾಡಿಕೊಳ್ಳುತ್ತದೆ. ಪಂಜರದ ಯಾವ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೋ ಅದರ ಎದುರು ಮೂಲೆಗೆ ಇಡಿ. ಒಳಗೆ ಮೆತ್ತನೆ ಒಣಹುಲ್ಲು ಧಾರಾಳವಾಗಿ ತುಂಬಿ. ಹತ್ತಿ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹೆಣ್ಣು ತನ್ನ ಎದೆ ಕೂದಲು ತಾನೇ ಕಿತ್ತು ಹಾಸುತ್ತದೆ, ಅದು ರೋಗವಲ್ಲ.

ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕಾದ ಲಕ್ಷಣಗಳು: ಅರ್ಧ ದಿನ ಏನೂ ತಿನ್ನದಿರುವುದು, ಹಿಕ್ಕೆ ನಿಲ್ಲುವುದು, ರಕ್ತ ಹೋಗುವುದು, ಮುಕ್ಕಿಮುಕ್ಕಿ ಅರ್ಧ ಗಂಟೆಯಾದರೂ ಮರಿ ಬಾರದಿರುವುದು. 33ನೇ ದಿನಕ್ಕೂ ಮರಿ ಇಲ್ಲದಿದ್ದರೆ ಕಾಯಬೇಡಿ. ಬಾಯಿ ತೆರೆದು ಉಸಿರಾಡುತ್ತಾ ಮೂಗು ಒದ್ದೆಯಾಗಿದ್ದರೆ ಬಿಸಿ ತಾಕಿದೆ. ನೆರಳಿಗೆ ತಂದು ಕಿವಿಗೆ ತಣ್ಣೀರು ಸವರಿ, ಹೊರಡಿ. ಐಸ್ ನೀರು ಬೇಡ, ಬಕೆಟ್‌ನಲ್ಲಿ ಅದ್ದುವುದಂತೂ ಬೇಡವೇ ಬೇಡ.

## ಹಂತ 9: ಮೊದಲ ಹತ್ತು ದಿನ

ಹೆರಿಗೆ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಆಗುತ್ತದೆ, ಅರ್ಧ ಗಂಟೆಯೊಳಗೆ ಮುಗಿದೂ ಬಿಡುತ್ತದೆ. ಲೈಟ್ ಹಾಕಿಕೊಂಡು ಮನೆ ಮಂದಿಯೆಲ್ಲ ಸುತ್ತ ನಿಂತು ವಿಡಿಯೊ ಮಾಡಬೇಡಿ. ಗಾಬರಿಯಾದ ತಾಯಿ ಮರಿಯನ್ನು ತುಳಿಯುತ್ತದೆ, ಕೆಲವೊಮ್ಮೆ ತಿಂದೇಬಿಡುತ್ತದೆ.

ಬೆಳಿಗ್ಗೆ ತಾಯಿಗೆ ಒಂದು ಹಿಡಿ ಸೊಪ್ಪು ಕೊಟ್ಟು ಆ ಕಡೆ ಮಾಡಿ. ಕೈ ತೊಳೆದು, ಅದೇ ಪಂಜರದ ಹುಲ್ಲಿನಲ್ಲಿ ಉಜ್ಜಿಕೊಂಡು, ಕೂದಲ ರಾಶಿಯನ್ನು ಮೇಲಿನಿಂದ ಮೆಲ್ಲಗೆ ಬಿಡಿಸಿ. ಎಣಿಸಿ. ಸತ್ತವನ್ನು, ಮಾಸಿನ ತುಂಡನ್ನು ತೆಗೆಯಿರಿ. ಬದುಕಿರುವ ಪ್ರತಿ ಮರಿಯ ಹೊಟ್ಟೆ ನೋಡಿ. ಹಾಲು ಕುಡಿದ ಮರಿಯ ಹೊಟ್ಟೆ ಬಿಗಿಯಾಗಿ ಉಬ್ಬಿರುತ್ತದೆ, ತೆಳು ಚರ್ಮದೊಳಗೆ ಹಾಲಿನ ಬಿಳಿ ಪಟ್ಟಿ ಕಾಣುತ್ತದೆ. ಕುಡಿಯದ ಮರಿಯ ಹೊಟ್ಟೆ ಒಳಗೆ ಹೋಗಿ ಚರ್ಮ ಸುಕ್ಕಾಗಿರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಮತ್ತೆ ಕೂದಲು ಮುಚ್ಚಿ ಬನ್ನಿ. ಎರಡು ನಿಮಿಷದ ಕೆಲಸ.

ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವ ಹೆದರಿಕೆ ಬೇಡ. ನಿಜವಾಗಿ ಮರಿ ಸಾಯುವುದು ಇನ್ನೊಂದು ತಪ್ಪಿನಿಂದ. "ತಾಯಿ ಗೂಡಿಗೆ ಹೋಗ್ತಾನೇ ಇಲ್ಲ, ಬಿಟ್ಟುಬಿಟ್ಟಿದೆ" ಅಂತ ಮರಿ ಎತ್ತಿಕೊಂಡು ಆಕಳ ಹಾಲು ಹನಿಸುತ್ತಾರೆ. ಮೊಲ ಮರಿಗಳ ಮೇಲೆ ಕೂರುವ ಪ್ರಾಣಿಯಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಮೂರ್ನಾಲ್ಕು ನಿಮಿಷ ಹಾಲು ಕೊಟ್ಟು ಹೊರಬರುತ್ತದೆ. ಹೊಟ್ಟೆ ಉಬ್ಬಿದ್ದರೆ ಎಲ್ಲ ಸರಿಯಾಗಿದೆ. ಮೊಲದ ಹಾಲಿನಲ್ಲಿ ಕೊಬ್ಬು ಆಕಳ ಹಾಲಿನ ಮೂರು ನಾಲ್ಕು ಪಟ್ಟು, ಹಾಗಾಗಿ ಆಕಳ ಹಾಲು ಇದಕ್ಕೆ ಬದಲಿ ಆಗುವುದಿಲ್ಲ. ಚಮಚದಲ್ಲಿ ಹಾಕಿದ್ದು ಶ್ವಾಸಕ್ಕೆ ಹೋಗಿ ಮರಿ ಉಸಿರುಗಟ್ಟುತ್ತದೆ. ಎರಡು ದಿನ ಸತತ ಹೊಟ್ಟೆ ಖಾಲಿ ಕಂಡರೆ ಡಾಕ್ಟರನ್ನು ಕೇಳಿ.

ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ವಾರದ ಹೊತ್ತಿಗೆ ಹುಟ್ಟಿದ ತೂಕ ಎರಡರಷ್ಟಾಗಬೇಕು. ಗೂಡಿನಿಂದ ಹೊರಗೆ ಬಿದ್ದ ಮರಿ ತಣ್ಣಗಾಗಿದ್ದರೆ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಗೂಡಿಗೆ ಹಾಕಿ. ತಾಯಿಯ ಮೊಲೆಯನ್ನೂ ನೋಡಿ. ಗಟ್ಟಿಯಾಗಿ, ಬಿಸಿಯಾಗಿ, ನೀಲಿಗಟ್ಟಿದ್ದರೆ ಮೊಲೆಬಾವು. ಅದಕ್ಕೆ ಅದೇ ದಿನ ಔಷಧಿ ಬೇಕು.

ಗಂಡು ಈ ಹೊತ್ತಿನಲ್ಲಿ ಹತ್ತಿರ ಸುಳಿಯಬಾರದು. ಹೆರಿಗೆಯಾದ ದಿನವೇ ಹೆಣ್ಣು ಮತ್ತೆ ಗಬ್ಬ ಆಗಬಲ್ಲದು. ನವೆಂಬರ್‌ನಲ್ಲಿ ಆರು ಮರಿ ಹುಟ್ಟಿ ಅದರಲ್ಲಿ ಮೂರು ಹೆಣ್ಣು ಅಂದುಕೊಳ್ಳಿ. ಯಾರನ್ನೂ ಬೇರೆ ಮಾಡದಿದ್ದರೆ ಮಾರ್ಚ್ ಹೊತ್ತಿಗೆ ಆ ಮೂರೂ ಗಬ್ಬ, ತಾಯಿ ಅಷ್ಟರೊಳಗೆ ಇನ್ನೂ ಎರಡು ಮೂರು ಸಲ ಹಾಕಿರಬಹುದು.

## ಹಂತ 10: ಕಣ್ಣು ಬಿಟ್ಟಲ್ಲಿಂದ ಎಂಟು ವಾರದವರೆಗೆ

10–12ನೇ ದಿನ ಕಣ್ಣು ಬಿಡುತ್ತವೆ. ಅಂಟಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಿನ ಹತ್ತಿಯಿಂದ ಒರೆಸಿ. ಮೂರನೇ ವಾರ ಗೂಡಿನಿಂದ ಹೊರಬಂದು ಹುಲ್ಲು ಕಡಿಯಲು ಶುರು ಮಾಡುತ್ತವೆ. ನಾಲ್ಕನೇ ವಾರದಿಂದ ಭೇದಿಗೆ ಹೆದರಬೇಕು. ಹೊಟ್ಟೆ ಉಬ್ಬಿ ನೀರಾಗಿ ಹೋದರೆ ಕಾಕ್ಸಿಡಿಯಾ (ಕರುಳಿನಲ್ಲಿ ಬೆಳೆಯುವ ಪರಾವಲಂಬಿ ಸೂಕ್ಷ್ಮಜೀವಿ) ಇರಬಹುದು, ಒಂದು ಮರಿಗೆ ಬಂದರೆ ಎಲ್ಲಕ್ಕೂ ಔಷಧಿ ಬೇಕಾಗುತ್ತದೆ. ನೆಲ ದಿನಾ ಒಣಗಿರಬೇಕು, ಮೇವು ಹಿಕ್ಕೆಯ ಮೇಲೆ ಬೀಳಬಾರದು.

ಎಂಟು ವಾರಕ್ಕೆ ಮುಂಚೆ ಕೊಡಬೇಡಿ. ಕೊಡುವಾಗ ತಿನ್ನುತ್ತಿದ್ದ ಒಣಹುಲ್ಲಿನ ಒಂದು ಕಟ್ಟನ್ನೂ ಕೊಡಿ, ಮೇವು ದಿಢೀರ್ ಬದಲಾದರೆ ಹೊಟ್ಟೆ ಕೆಡುತ್ತದೆ. ಗಂಡೋ ಹೆಣ್ಣೋ ಅಂತ ಚೀಟಿಯಲ್ಲಿ ಬರೆದುಕೊಡಿ. ಯಾವ ಕಾರಣಕ್ಕೂ ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಿ ಅಂತ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಉಳಿದವನ್ನು ಹತ್ತು ವಾರಕ್ಕೆ ಗಂಡು ಹೆಣ್ಣು ಬೇರೆ ಮಾಡಿ.

## ಹಂತ 11: ಉತ್ತರ "ಬೇಡ" ಅಂತ ಬಂದವರಿಗೆ

ಎರಡು ಪಂಜರದಲ್ಲಿ ಜೀವನ ಪೂರ್ತಿ ಬೇರೆ ಇಡುವುದು ಕಷ್ಟ. ಒಂದು ದಿನ ಮಕ್ಕಳು ಬಾಗಿಲು ತೆರೆಯುತ್ತಾರೆ. ಗಂಡಿಗೆ ಆಪರೇಷನ್ ಮಾಡಿಸುವುದು ಸುಲಭ, ಬೇಗ ಗುಣವಾಗುತ್ತದೆ. ಹೆಣ್ಣಿನದು ಹೊಟ್ಟೆ ತೆರೆಯುವ ಆಪರೇಷನ್, ಖರ್ಚೂ ಅಪಾಯವೂ ಸ್ವಲ್ಪ ಜಾಸ್ತಿ. ಆದರೂ ಮೊಲದ ಅನುಭವ ಇರುವ ಡಾಕ್ಟರು ಸಿಕ್ಕರೆ ಮಾಡಿಸಿ. ಆಪರೇಷನ್ ಆಗದ ಹೆಣ್ಣಿಗೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರಾ ಸಾಮಾನ್ಯ. ಮರಿ ಹಾಕಿದ ಹೆಣ್ಣಿಗೂ ಇದೇ ಮಾತು, ಮರಿಗಳು ಹಾಲು ಬಿಟ್ಟ ಮೇಲೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿ.

ಬೇಸಿಗೆಯಲ್ಲಿ ಮಾಡಿಸಬೇಡಿ, ಇದಕ್ಕೂ ಚಳಿಗಾಲವೇ ಒಳ್ಳೆಯದು. ಬೆಳಿಗ್ಗೆ ಎಂದಿನಂತೆ ಮೇವು ಕೊಟ್ಟೇ ಕರೆದೊಯ್ಯಿರಿ, ವಾಪಸ್ ಬಂದ ಕೆಲ ಗಂಟೆಯೊಳಗೆ ಮತ್ತೆ ತಿನ್ನುವಂತೆ ನೋಡಿಕೊಳ್ಳಿ. ಗಂಡಿಗೆ ಆಪರೇಷನ್ ಆದ ಮೇಲೂ ಆರು ವಾರ ಹೆಣ್ಣಿನ ಹತ್ತಿರ ಬಿಡಬೇಡಿ. ಒಳಗೆ ಉಳಿದಿರುವ ವೀರ್ಯದಿಂದ ಆ ಅವಧಿಯಲ್ಲೂ ಗಬ್ಬ ಆಗುತ್ತದೆ. ಅದಾದ ಮೇಲೆ ಎರಡನ್ನೂ ಹೊಸ ಜಾಗದಲ್ಲಿ, ಮಧ್ಯೆ ಜಾಲರಿ ಇಟ್ಟು, ಒಂದೆರಡು ವಾರ ಪರಿಚಯ ಮಾಡಿಸಿ ಒಟ್ಟಿಗೆ ಬಿಡಬಹುದು.